ವಿಂಡೋಸ್‌ನಲ್ಲಿ ಕಡತ ಹುಡುಕಾಟದ ಸೂಚೀಕರಣ

'''ಕಡತ ಹುಡುಕಾಟದ ಸೂಚೀಕರಣ''' ಅಥವಾ '''ಸರ್ಚ್ ಇಂಡೆಕ್ಸಿಂಗ್''' ಎಂಬುದು ಗಣಕಯಂತ್ರದ ಡಿಸ್ಕ್‌ನಲ್ಲಿರುವ ಕಡತಗಳ ಹೆಸರು, ಗುಣಲಕ್ಷಣ ಮತ್ತು ಒಳಗಿನ ಪಠ್ಯವನ್ನು ಮುಂಚಿತವಾಗಿ ಓದಿ, ಯಾವ ಪದವು ಯಾವ ಕಡತದಲ್ಲಿದೆ ಎಂಬ ಪಟ್ಟಿಯನ್ನು ಸಿದ್ಧಪಡಿಸಿಡುವ ಕ್ರಿಯೆಯಾಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಕೆಲಸವನ್ನು ''ವಿಂಡೋಸ್ ಸರ್ಚ್'' ಎಂಬ ಸೇವೆಯು ಹಿನ್ನೆಲೆಯಲ್ಲಿ ನಿರ್ವಹಿಸುತ್ತದೆ. ಬಳಕೆದಾರರು ಒಂದು ಪದವನ್ನು ಹುಡುಕಿದಾಗ ವ್ಯವಸ್ಥೆಯು ಇಡೀ ಡಿಸ್ಕನ್ನು ಜಾಲಾಡದೆ ಈ ಸೂಚಿಯನ್ನು ಮಾತ್ರ ನೋಡಿ ಉತ್ತರಿಸುತ್ತದೆ.

ಸೂಚಿಯು ಮೂಲ ಕಡತಗಳಿಂದ ತಯಾರಾದ ಪ್ರತ್ಯೇಕ ದತ್ತಾಂಶವೇ ಹೊರತು ಕಡತಗಳಲ್ಲ. ಆದ್ದರಿಂದ ಹುಡುಕಾಟದಲ್ಲಿ ಕಡತವೊಂದು ಸಿಗದಿದ್ದರೆ ಅದು ಅಳಿಸಿಹೋಗಿದೆ ಎಂದು ತೀರ್ಮಾನಿಸಲಾಗದು. ಸೂಚಿಯನ್ನು ಅಳಿಸಿ ಮತ್ತೆ ಕಟ್ಟಿದರೂ ಮೂಲ ಕಡತಗಳು ಬದಲಾಗುವುದಿಲ್ಲ. ಆದರೆ ಮರುನಿರ್ಮಾಣದ ವೇಳೆ ವ್ಯಾಪ್ತಿಯಲ್ಲಿರುವ ಎಲ್ಲ ಕಡತಗಳನ್ನು ಹೊಸದಾಗಿ ಓದಬೇಕಾಗುತ್ತದೆ. ಡಿಸ್ಕ್ ಶಿಥಿಲಗೊಂಡಿದ್ದರೆ ಈ ಓದುವಿಕೆಯೇ ಅಪಾಯಕಾರಿಯಾಗಬಹುದು. ಆ ಕಾರಣದಿಂದ ಸೂಚೀಕರಣದ ದೋಷ ನಿವಾರಣೆಯಲ್ಲಿ ಡಿಸ್ಕ್‌ನ ಆರೋಗ್ಯವನ್ನು ಮೊದಲು ಪರಿಶೀಲಿಸುವುದು ಸೂಕ್ತ.

== ಇತಿಹಾಸ ==

ವಿಂಡೋಸ್ ಕುಟುಂಬದಲ್ಲಿ ಕಡತಗಳ ಸೂಚೀಕರಣವು 1990ರ ದಶಕದಲ್ಲಿ ವಿಂಡೋಸ್ ಎನ್‌ಟಿ 4.0ರ ಇಂಡೆಕ್ಸ್ ಸರ್ವರ್ ಮೂಲಕ ಆರಂಭವಾಯಿತು. ಮುಂದೆ ಇದು ''ಇಂಡೆಕ್ಸಿಂಗ್ ಸರ್ವಿಸ್'' ಎಂಬ ಹೆಸರಿನಲ್ಲಿ ವಿಂಡೋಸ್ 2000ದ ಭಾಗವಾಯಿತು. 2004ರ ಅಕ್ಟೋಬರ್‌ನಲ್ಲಿ ಗೂಗಲ್ ಡೆಸ್ಕ್‌ಟಾಪ್ ಹಾಗೂ 2005ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆಯ ಸ್ಪಾಟ್‌ಲೈಟ್ ಬಿಡುಗಡೆಯಾದವು. ಇದೇ ಅವಧಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗಾಗಿ ವಿಂಡೋಸ್ ಡೆಸ್ಕ್‌ಟಾಪ್ ಸರ್ಚ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ಒದಗಿಸಿತು. ವಿಂಡೋಸ್ ವಿಸ್ಟಾದಿಂದ ಈ ಸೌಲಭ್ಯವು ವ್ಯವಸ್ಥೆಯ ಅಂತರ್ಗತ ಭಾಗವಾಗಿದೆ. ಗೂಗಲ್ ಡೆಸ್ಕ್‌ಟಾಪ್ 2011ರಲ್ಲಿ ಸ್ಥಗಿತಗೊಂಡಿತು.

== ಕಾರ್ಯವಿಧಾನ ==

ಸೂಚಿಯ ರಚನೆಯು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ಹೋಲುತ್ತದೆ. ಪುಸ್ತಕದಲ್ಲಿ ಪುಟದಿಂದ ಪದಕ್ಕೆ ಹೋಗುವುದು ಸಾಮಾನ್ಯ ಕ್ರಮವಾದರೆ, ಪದಸೂಚಿಯಲ್ಲಿ ಪದದಿಂದ ಪುಟಕ್ಕೆ ಹೋಗಬಹುದು. ಹಾಗೆಯೇ ಇಲ್ಲಿ ಪ್ರತಿಯೊಂದು ಪದದ ಮುಂದೆ ಆ ಪದವಿರುವ ಕಡತಗಳ ಪಟ್ಟಿಯಿರುತ್ತದೆ. ಗಣಕವಿಜ್ಞಾನದಲ್ಲಿ ಇದನ್ನು ವಿಲೋಮ ಸೂಚಿ ಎನ್ನಬಹುದು. ಸೂಚೀಕರಣವು ಮುಖ್ಯವಾಗಿ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

# '''ಬದಲಾವಣೆಗಳ ಪತ್ತೆ:''' ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯು ತನ್ನಲ್ಲಿ ಆಗುವ ಪ್ರತಿ ಬದಲಾವಣೆಯನ್ನು ಒಂದು ದಿನಚರಿಯಲ್ಲಿ ದಾಖಲಿಸುತ್ತದೆ. ಸೂಚೀಕಾರಕವು ಈ ದಿನಚರಿಯ ನೆರವಿನಿಂದ ಹೊಸದಾಗಿ ಸೇರಿದ, ತಿದ್ದಿದ ಅಥವಾ ಅಳಿಸಿದ ಕಡತಗಳನ್ನು ಗುರುತಿಸುತ್ತದೆ. ಇದರಿಂದ ಪ್ರತಿ ಬಾರಿಯೂ ಇಡೀ ಡಿಸ್ಕನ್ನು ಓದುವ ಅಗತ್ಯ ತಪ್ಪುತ್ತದೆ.
# '''ಪಠ್ಯವನ್ನು ಹೊರತೆಗೆಯುವುದು:''' ವರ್ಡ್, ಪಿಡಿಎಫ್ ಮೊದಲಾದ ಕಡತಗಳ ಒಳರಚನೆ ಬೇರೆ ಬೇರೆಯಾಗಿರುತ್ತದೆ. ಪ್ರತಿ ಬಗೆಯ ಕಡತದಿಂದ ಪಠ್ಯವನ್ನಷ್ಟೇ ಸೋಸಿ ಕೊಡುವ ಚಿಕ್ಕ ತಂತ್ರಾಂಶಕ್ಕೆ ''ಐಫಿಲ್ಟರ್'' ಎಂದು ಹೆಸರು. ಸೂಕ್ತ ಐಫಿಲ್ಟರ್ ಇಲ್ಲದ ಕಡತಗಳ ಹೆಸರು ಮತ್ತು ಗುಣಲಕ್ಷಣಗಳು ಮಾತ್ರ ಸೂಚಿಗೆ ಸೇರುತ್ತವೆ.
# '''ಪದಗಳ ವಿಂಗಡಣೆ:''' ಹೊರತೆಗೆದ ಪಠ್ಯವನ್ನು ಪದಗಳಾಗಿ ಬಿಡಿಸಲಾಗುತ್ತದೆ.
# '''ಸಂಗ್ರಹಣೆ:''' ಪದಗಳನ್ನು ದತ್ತಸಂಚಯದಲ್ಲಿ ಉಳಿಸಲಾಗುತ್ತದೆ. ವಿಂಡೋಸ್ 10ರಲ್ಲಿ ಇದು ''ವಿಂಡೋಸ್.ಇಡಿಬಿ'' ಎಂಬ ಕಡತವಾಗಿದ್ದು, ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಫೋಲ್ಡರ್‌ನ ಒಳಗಿರುತ್ತದೆ. ವಿಂಡೋಸ್ 11ರಲ್ಲಿ ಎಸ್‌ಕ್ಯೂಲೈಟ್ ಮಾದರಿಯ ದತ್ತಸಂಚಯವನ್ನು ಬಳಸಲಾಗಿದೆ.

ಬಳಕೆದಾರರು ಕೀಲಿಮಣೆ ಅಥವಾ ಮೌಸ್ ಬಳಸುತ್ತಿರುವಾಗ ಸೂಚೀಕಾರಕವು ತನ್ನ ವೇಗವನ್ನು ತಾನಾಗಿಯೇ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಉಳಿತಾಯ ಸ್ಥಿತಿಯಲ್ಲಿದ್ದಾಗಲೂ ಸೂಚೀಕರಣ ನಿಧಾನವಾಗಬಹುದು ಅಥವಾ ನಿಲ್ಲಬಹುದು. ಹಾಗಾಗಿ ಕೆಲಸವಾದ ಕೂಡಲೇ ಮುಚ್ಚಿಡುವ ಲ್ಯಾಪ್‌ಟಾಪ್‌ಗಳಲ್ಲಿ ಸೂಚಿಯು ದಿನಗಟ್ಟಲೆ ಅಪೂರ್ಣವಾಗಿ ಉಳಿಯುವುದುಂಟು.

== ವ್ಯಾಪ್ತಿ ಮತ್ತು ಗಾತ್ರ ==

ಪೂರ್ವನಿಯೋಜಿತವಾಗಿ ವಿಂಡೋಸ್ ಇಡೀ ಡಿಸ್ಕನ್ನು ಸೂಚೀಕರಿಸುವುದಿಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಬಳಕೆದಾರರ ಫೋಲ್ಡರ್‌ಗಳು, ಸ್ಟಾರ್ಟ್ ಮೆನು ಹಾಗೂ ಔಟ್‌ಲುಕ್ ಅಂಚೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಡಿ ಅಥವಾ ಇ ಡ್ರೈವ್‌ನಲ್ಲಿ ಹೊಸದಾಗಿ ಮಾಡಿಕೊಂಡ ಫೋಲ್ಡರ್‌ಗಳು ತಾವಾಗಿಯೇ ಸೇರುವುದಿಲ್ಲ. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಿಂದ ಎರಡು ಆಯ್ಕೆಗಳು ಲಭ್ಯವಿವೆ. ''ಕ್ಲಾಸಿಕ್'' ಆಯ್ಕೆಯು ಮೇಲೆ ಹೇಳಿದ ಸೀಮಿತ ವ್ಯಾಪ್ತಿಯದು. ''ಎನ್‌ಹ್ಯಾನ್ಸ್ಡ್'' ಆಯ್ಕೆಯು ಹೊರಗಿಟ್ಟ ಫೋಲ್ಡರ್‌ಗಳ ಹೊರತಾಗಿ ಇಡೀ ಗಣಕವನ್ನು ಒಳಗೊಳ್ಳುತ್ತದೆ.

ಮೈಕ್ರೋಸಾಫ್ಟ್‌ನ ವಿವರಣೆಯಂತೆ ಸೂಚಿಯ ಗಾತ್ರವು ಸಾಮಾನ್ಯವಾಗಿ ಸೂಚೀಕರಿಸಿದ ಕಡತಗಳ ಒಟ್ಟು ಗಾತ್ರದ ಶೇಕಡಾ 10ಕ್ಕಿಂತ ಕಡಿಮೆಯಿರುತ್ತದೆ. ಅತಿ ಚಿಕ್ಕ ಕಡತಗಳು ಹೆಚ್ಚಿದ್ದರೆ ಈ ಪ್ರಮಾಣ ಏರಬಹುದು. ಅಂಶಗಳ ಸಂಖ್ಯೆ 4,00,000 ದಾಟಿದರೆ ಕಾರ್ಯಕ್ಷಮತೆ ಕುಂದಬಹುದೆಂದೂ ಸುಮಾರು 10 ಲಕ್ಷದವರೆಗೆ ಸೂಚೀಕರಣ ಸಾಧ್ಯವೆಂದೂ ಸಂಸ್ಥೆಯು ತಿಳಿಸುತ್ತದೆ.

== ಹಾರ್ಡ್ ಡಿಸ್ಕ್‌ನ ಪಾತ್ರ ==

ಹಳೆಯ ಹಾಗೂ ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಈ ವೇಗದಲ್ಲಿ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕಾಗುತ್ತದೆ. ಅಂದರೆ ಬೇಕಾದ ಭಾಗವು ಓದುವ ತಲೆಯ ಕೆಳಗೆ ಬರಲು ಸರಾಸರಿ 5.5 ಮಿಲಿಸೆಕೆಂಡ್ ಕಾಯಬೇಕು. ತಲೆಯು ಒಂದು ಪಥದಿಂದ ಇನ್ನೊಂದಕ್ಕೆ ಚಲಿಸುವ ಸಮಯ ಇದಕ್ಕೆ ಹೆಚ್ಚುವರಿ. ಒಂದು ದೊಡ್ಡ ಚಲನಚಿತ್ರದ ಕಡತವನ್ನು ಸತತವಾಗಿ ಓದುವಾಗ ಈ ವಿಳಂಬ ಗಮನಕ್ಕೆ ಬರುವುದಿಲ್ಲ. ಆದರೆ ಸೂಚೀಕಾರಕವು ಡಿಸ್ಕ್‌ನ ಬೇರೆ ಬೇರೆ ಕಡೆ ಚದುರಿರುವ ಸಾವಿರಾರು ಚಿಕ್ಕ ಕಡತಗಳನ್ನು ಓದುತ್ತದೆ, ಜೊತೆಗೆ ಅದೇ ಡಿಸ್ಕ್‌ಗೆ ಸೂಚಿಯನ್ನೂ ಬರೆಯುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಶೇಕಡಾ 100ಕ್ಕೆ ಏರಿ ಗಣಕವು ನಿಧಾನವಾಗಲು ಇದು ಒಂದು ಕಾರಣ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಕಾಣುವುದಿಲ್ಲ.

== ಸಾಮಾನ್ಯ ತೊಂದರೆಗಳು ==

* '''ಯಾವ ಕಡತವೂ ಸಿಗದಿರುವುದು:''' ವಿಂಡೋಸ್ ಸರ್ಚ್ ಸೇವೆ ನಿಂತಿರಬಹುದು ಅಥವಾ ಸೂಚಿಯ ದತ್ತಸಂಚಯ ಕೆಟ್ಟಿರಬಹುದು. ವಿದ್ಯುತ್ ಹಠಾತ್ತನೆ ಕಡಿತಗೊಂಡು ಗಣಕ ಆರಿಹೋಗುವುದು ದತ್ತಸಂಚಯ ಕೆಡಲು ಒಂದು ಕಾರಣ.
* '''ಕೆಲವು ಫೋಲ್ಡರ್‌ಗಳ ಕಡತಗಳು ಮಾತ್ರ ಸಿಗದಿರುವುದು:''' ಆ ಫೋಲ್ಡರ್‌ಗಳು ಸೂಚಿಯ ವ್ಯಾಪ್ತಿಯಲ್ಲಿರುವುದಿಲ್ಲ, ಅಥವಾ ಅವುಗಳ ಗುಣಲಕ್ಷಣಗಳಲ್ಲಿ ಸೂಚೀಕರಣದ ಅನುಮತಿಯನ್ನು ತೆಗೆದಿರಲಾಗುತ್ತದೆ.
* '''ಹೆಸರಿನಿಂದ ಸಿಕ್ಕಿ, ಒಳಗಿನ ಪದದಿಂದ ಸಿಗದಿರುವುದು:''' ಆ ಬಗೆಯ ಕಡತಗಳಿಗೆ ಐಫಿಲ್ಟರ್ ಇಲ್ಲದಿರಬಹುದು ಅಥವಾ ಗುಣಲಕ್ಷಣಗಳನ್ನು ಮಾತ್ರ ಸೂಚೀಕರಿಸುವ ಆಯ್ಕೆ ಇರಬಹುದು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಪುಟದ ಚಿತ್ರವಿರುತ್ತದೆಯೇ ಹೊರತು ಪಠ್ಯವಿರುವುದಿಲ್ಲ. ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶದಿಂದ ಪಠ್ಯವನ್ನು ಸೇರಿಸದ ಹೊರತು ಅವು ಒಳಪಠ್ಯದ ಹುಡುಕಾಟಕ್ಕೆ ಸಿಗುವುದಿಲ್ಲ.
* '''ಒನ್‌ಡ್ರೈವ್ ಕಡತಗಳ ಒಳಪಠ್ಯ ಸಿಗದಿರುವುದು:''' ಅಂತರಜಾಲದಲ್ಲಿ ಮಾತ್ರ ಇರುವ, ಡಿಸ್ಕ್‌ಗೆ ಇಳಿಸಿಕೊಳ್ಳದ ಕಡತದ ಪಠ್ಯ ಸೂಚೀಕಾರಕಕ್ಕೆ ದೊರೆಯುವುದಿಲ್ಲ.
* '''ಸೂಚೀಕರಣ ಮುಗಿಯದಿರುವುದು:''' ಕಡತಗಳ ಸಂಖ್ಯೆ ಅತಿಯಾಗಿರುವುದು, ಸತತವಾಗಿ ಬದಲಾಗುವ ಫೋಲ್ಡರ್‌ಗಳು ವ್ಯಾಪ್ತಿಯಲ್ಲಿರುವುದು, ಓದಲಾಗದ ಕಡತ ಅಥವಾ ಡಿಸ್ಕ್‌ನ ಹಾಳಾದ ಭಾಗ ಇದಕ್ಕೆ ಕಾರಣವಾಗಬಹುದು.
* '''ಅಳಿಸಿದ ಕಡತಗಳು ಫಲಿತಾಂಶದಲ್ಲಿ ಕಾಣುವುದು:''' ಸೂಚಿಯು ಇತ್ತೀಚಿನ ಬದಲಾವಣೆಗಳನ್ನು ಇನ್ನೂ ಪಡೆದಿಲ್ಲವೆಂಬುದರ ಲಕ್ಷಣವಿದು.

== ದೋಷ ಪತ್ತೆ ಮತ್ತು ಪರಿಹಾರ ==

ಕೆಳಗಿನ ಕ್ರಮವು ಡಿಸ್ಕ್‌ನ ಪರಿಶೀಲನೆಯಿಂದ ಆರಂಭವಾಗಿ, ಸುಲಭವಾದ ಪರಿಹಾರಗಳಿಂದ ಹೆಚ್ಚು ಸಮಯ ಬೇಡುವ ಪರಿಹಾರಗಳತ್ತ ಸಾಗುತ್ತದೆ.

=== ಡಿಸ್ಕ್‌ನ ಆರೋಗ್ಯ ಪರೀಕ್ಷೆ ===

ಡಿಸ್ಕ್‌ನಿಂದ ಟಿಕ್ ಟಿಕ್ ಎಂಬ ಸದ್ದು ಬರುವುದು, ಚಿಕ್ಕ ಕಡತವನ್ನು ತೆರೆಯಲೂ ಬಹಳ ಹೊತ್ತು ಹಿಡಿಯುವುದು, ನಕಲು ಮಾಡುವಾಗ ದೋಷದ ಸಂದೇಶ ಬರುವುದು ಇವು ಶಿಥಿಲವಾಗುತ್ತಿರುವ ಡಿಸ್ಕ್‌ನ ಲಕ್ಷಣಗಳು. ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ''ಡಿಸ್ಕ್'' ಎಂಬ ಮೂಲದಿಂದ ಬಂದ 7ನೆಯ ಸಂಖ್ಯೆಯ ದಾಖಲೆಯಿದ್ದರೆ ಡಿಸ್ಕ್‌ನಲ್ಲಿ ಓದಲಾಗದ ಭಾಗವಿದೆ ಎಂದರ್ಥ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ಎಂಬ ವ್ಯವಸ್ಥೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದ ಮೂಲಕ ಓದಬಹುದು. ಅದರಲ್ಲಿ ಬದಲಿ ಜಾಗಕ್ಕೆ ವರ್ಗಾಯಿಸಿದ ವಲಯಗಳ ಸಂಖ್ಯೆ ಅಥವಾ ವರ್ಗಾವಣೆಗೆ ಕಾದಿರುವ ವಲಯಗಳ ಸಂಖ್ಯೆ ಏರುತ್ತಿದ್ದರೆ ಎಚ್ಚರ ವಹಿಸಬೇಕು.

ಇಂತಹ ಲಕ್ಷಣಗಳಿದ್ದಲ್ಲಿ ಮೊದಲು ಪ್ರಬಂಧ, ಛಾಯಾಚಿತ್ರ, ಲೆಕ್ಕಪತ್ರ ಮುಂತಾಗಿ ಮತ್ತೆ ಪಡೆಯಲಾಗದ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲಿಸಿಕೊಳ್ಳಬೇಕು. ಈ ಹಂತದಲ್ಲಿ ಸೂಚಿಯ ಮರುನಿರ್ಮಾಣ, ಡಿಸ್ಕ್‌ನ ಸಂಪೂರ್ಣ ಮೇಲ್ಮೈ ಪರೀಕ್ಷೆ ಮತ್ತು ಡಿಫ್ರಾಗ್ಮೆಂಟ್ ಕಾರ್ಯಗಳನ್ನು ನಡೆಸಬಾರದು. ಇವೆಲ್ಲವೂ ಡಿಸ್ಕ್‌ನ ಮೇಲೆ ಗಂಟೆಗಟ್ಟಲೆ ಒತ್ತಡ ಹಾಕುತ್ತವೆ. ನಕಲು ಪೂರ್ಣಗೊಳ್ಳುವವರೆಗೆ ವಿಂಡೋಸ್ ಸರ್ಚ್ ಸೇವೆಯನ್ನು ನಿಲ್ಲಿಸಿಡುವುದು ಒಳಿತು.

=== ಸೂಚಿಯ ಸ್ಥಿತಿ ===

ಕಂಟ್ರೋಲ್ ಪ್ಯಾನೆಲ್‌ನ ''ಇಂಡೆಕ್ಸಿಂಗ್ ಆಪ್ಷನ್ಸ್'' ಕಿಟಕಿಯ ಮೇಲ್ಭಾಗದಲ್ಲಿ ಸೂಚಿಗೆ ಸೇರಿದ ಅಂಶಗಳ ಸಂಖ್ಯೆ ಹಾಗೂ ಸದ್ಯದ ಸ್ಥಿತಿ ಕಾಣುತ್ತವೆ. ಸೂಚೀಕರಣ ಪೂರ್ಣಗೊಂಡಿದೆಯೇ, ಬಳಕೆದಾರರ ಚಟುವಟಿಕೆಯಿಂದಾಗಿ ನಿಧಾನವಾಗಿದೆಯೇ ಅಥವಾ ನಿಂತಿದೆಯೇ ಎಂಬುದು ಇಲ್ಲಿ ತಿಳಿಯುತ್ತದೆ. ಕೆಲಸ ಇನ್ನೂ ನಡೆಯುತ್ತಿದ್ದರೆ ಲ್ಯಾಪ್‌ಟಾಪನ್ನು ವಿದ್ಯುತ್ ಸಂಪರ್ಕಕ್ಕೆ ಜೋಡಿಸಿ, ನಿದ್ರಾಸ್ಥಿತಿಗೆ ಹೋಗದಂತೆ ಮಾಡಿ, ಒಂದು ರಾತ್ರಿ ಹಾಗೆಯೇ ಬಿಟ್ಟರೆ ಹಲವು ಸಂದರ್ಭಗಳಲ್ಲಿ ತೊಂದರೆ ಪರಿಹಾರವಾಗುತ್ತದೆ.

=== ಸೇವೆಯ ಪರಿಶೀಲನೆ ===

''ಸರ್ವೀಸಸ್'' ಕಿಟಕಿಯಲ್ಲಿ ವಿಂಡೋಸ್ ಸರ್ಚ್ ಚಾಲನೆಯಲ್ಲಿರಬೇಕು ಮತ್ತು ಅದರ ಆರಂಭದ ಬಗೆಯು ವಿಳಂಬಿತ ಸ್ವಯಂಚಾಲಿತ ಎಂದಿರಬೇಕು. ಗಣಕದ ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಕೆಲವು ತಂತ್ರಾಂಶಗಳು ಈ ಸೇವೆಯನ್ನು ನಿಷ್ಕ್ರಿಯಗೊಳಿಸಿರುತ್ತವೆ. ನಿಂತಿರುವ ಸೇವೆಯನ್ನು ಮತ್ತೆ ಆರಂಭಿಸಿ ಗಣಕವನ್ನು ಮರುಚಾಲನೆ ಮಾಡಬೇಕು.

=== ಪ್ರಾಯೋಗಿಕ ಕಡತ ===

ದೋಷವು ಸೂಚಿಯಲ್ಲಿದೆಯೋ ಕಡತದಲ್ಲಿದೆಯೋ ಎಂದು ತಿಳಿಯಲು ಸರಳ ಪ್ರಯೋಗವೊಂದಿದೆ. ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ನೋಟ್‌ಪ್ಯಾಡ್‌ನಿಂದ ಹೊಸ ಕಡತವೊಂದನ್ನು ರಚಿಸಿ, ಬೇರೆಲ್ಲೂ ಬಳಸಿರದ ಪದವೊಂದನ್ನು ಅದರಲ್ಲಿ ಬರೆದು ಉಳಿಸಬೇಕು. ಕೆಲವು ನಿಮಿಷಗಳ ನಂತರ ಆ ಪದವನ್ನು ಹುಡುಕಿದಾಗ ಕಡತ ಸಿಕ್ಕರೆ ಸೂಚೀಕಾರಕವು ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಆಗ ಸಿಗದ ಕಡತದ ಸ್ಥಳ, ಬಗೆ ಅಥವಾ ಅಕ್ಷರ ಸಂಕೇತವನ್ನು ಪರಿಶೀಲಿಸಬೇಕು. ಪ್ರಾಯೋಗಿಕ ಕಡತವೂ ಸಿಗದಿದ್ದರೆ ಸೇವೆ ಅಥವಾ ದತ್ತಸಂಚಯದಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು.

=== ವ್ಯಾಪ್ತಿ ಮತ್ತು ಕಡತದ ಬಗೆ ===

ಇಂಡೆಕ್ಸಿಂಗ್ ಆಪ್ಷನ್ಸ್ ಕಿಟಕಿಯ ''ಮಾಡಿಫೈ'' ಗುಂಡಿಯಿಂದ ಬೇಕಾದ ಫೋಲ್ಡರ್‌ಗಳನ್ನು ಸೇರಿಸಬಹುದು, ಬೇಡವಾದವುಗಳನ್ನು ತೆಗೆಯಬಹುದು. ''ಅಡ್ವಾನ್ಸ್ಡ್'' ಗುಂಡಿಯ ''ಫೈಲ್ ಟೈಪ್ಸ್'' ಪುಟದಲ್ಲಿ ಪ್ರತಿ ಬಗೆಯ ಕಡತಕ್ಕೂ ಗುಣಲಕ್ಷಣಗಳನ್ನು ಮಾತ್ರ ಅಥವಾ ಒಳಪಠ್ಯವನ್ನೂ ಸೂಚೀಕರಿಸುವ ಆಯ್ಕೆಯಿದೆ. ಇದಲ್ಲದೆ ಡ್ರೈವ್‌ನ ''ಪ್ರಾಪರ್ಟೀಸ್'' ಕಿಟಕಿಯ ಕೆಳಭಾಗದಲ್ಲಿ ಆ ಡ್ರೈವ್‌ನ ಕಡತಗಳ ಒಳಪಠ್ಯವನ್ನು ಸೂಚೀಕರಿಸಲು ಅನುಮತಿಸುವ ಗುರುತು ಇರುತ್ತದೆ. ಇದನ್ನು ತೆಗೆದಿದ್ದರೆ ಫೋಲ್ಡರ್ ವ್ಯಾಪ್ತಿಯಲ್ಲಿದ್ದರೂ ಒಳಪಠ್ಯ ಸೂಚಿಗೆ ಸೇರುವುದಿಲ್ಲ.

=== ಸೂಚಿಯ ಮರುನಿರ್ಮಾಣ ===

ಮೇಲಿನ ಕ್ರಮಗಳಿಂದ ಫಲ ದೊರೆಯದಿದ್ದಲ್ಲಿ, ಡಿಸ್ಕ್ ಆರೋಗ್ಯವಾಗಿದೆ ಎಂದು ಖಚಿತಪಡಿಸಿಕೊಂಡು, ''ಅಡ್ವಾನ್ಸ್ಡ್'' ಪುಟದ ''ರೀಬಿಲ್ಡ್'' ಗುಂಡಿಯನ್ನು ಒತ್ತಬಹುದು. ಇದರಿಂದ ಹಳೆಯ ಸೂಚಿ ಅಳಿಸಿಹೋಗಿ ಹೊಸತು ಸಿದ್ಧವಾಗುತ್ತದೆ. ಕಡತಗಳ ಸಂಖ್ಯೆ ಮತ್ತು ಡಿಸ್ಕ್‌ನ ವೇಗಕ್ಕೆ ಅನುಗುಣವಾಗಿ ಇದಕ್ಕೆ ಹಲವು ಗಂಟೆಗಳು ಬೇಕಾಗಬಹುದು. ಕೆಲಸ ಮುಗಿಯುವವರೆಗೆ ಹುಡುಕಾಟದ ಫಲಿತಾಂಶಗಳು ಅಪೂರ್ಣವಾಗಿರುತ್ತವೆ. ಅವಸರದಲ್ಲಿ ಮತ್ತೆ ಮತ್ತೆ ರೀಬಿಲ್ಡ್ ಒತ್ತಿದರೆ ಪ್ರತಿ ಬಾರಿಯೂ ಕೆಲಸ ಮೊದಲಿನಿಂದ ಆರಂಭವಾಗುತ್ತದೆ.

ಸಿ ಡ್ರೈವ್‌ನಲ್ಲಿ ಜಾಗದ ಕೊರತೆಯಿದ್ದರೆ ಅದೇ ಪುಟದಲ್ಲಿ ಸೂಚಿಯ ಸ್ಥಳವನ್ನು ಬೇರೆ ಡ್ರೈವ್‌ಗೆ ಬದಲಾಯಿಸಬಹುದು. ಮರುನಿರ್ಮಾಣದ ನಂತರವೂ ಸೇವೆಯು ಪದೇ ಪದೇ ನಿಲ್ಲುತ್ತಿದ್ದರೆ ವ್ಯವಸ್ಥೆಯ ಕಡತಗಳನ್ನೇ ಪರಿಶೀಲಿಸಿ ದುರಸ್ತಿ ಮಾಡುವ ಸಿಸ್ಟಮ್ ಫೈಲ್ ಚೆಕರ್ ಸಾಧನವನ್ನು ಬಳಸಲಾಗುತ್ತದೆ.

=== ಸೂಚಿಯಿಲ್ಲದೆ ಹುಡುಕುವುದು ===

ತುರ್ತಾಗಿ ಒಂದು ಕಡತ ಬೇಕಾದಾಗ ಸೂಚಿಯ ದುರಸ್ತಿಗೆ ಕಾಯಬೇಕಾಗಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಡತವಿರಬಹುದಾದ ಫೋಲ್ಡರನ್ನು ತೆರೆದು ಹುಡುಕಿದರೆ, ಸೂಚೀಕರಿಸದ ಸ್ಥಳಗಳಲ್ಲೂ ಹೆಸರಿನಿಂದ ನಿಧಾನವಾಗಿ ಹುಡುಕಾಟ ನಡೆಯುತ್ತದೆ. ''ಫೋಲ್ಡರ್ ಆಪ್ಷನ್ಸ್'' ಕಿಟಕಿಯ ಸರ್ಚ್ ಪುಟದಲ್ಲಿ ಒಳಪಠ್ಯವನ್ನೂ ಸದಾ ಹುಡುಕುವ ಆಯ್ಕೆಯಿದೆ. ದಿನಾಂಕದ ಪ್ರಕಾರ ಕಡತಗಳನ್ನು ಜೋಡಿಸಿ ನೋಡುವುದೂ ಉಪಯುಕ್ತ.

== ಕನ್ನಡ ಕಡತಗಳ ಹುಡುಕಾಟ ==

ಕನ್ನಡ ಪಠ್ಯದ ವಿಷಯದಲ್ಲಿ ಸೂಚೀಕಾರಕವು ಸರಿಯಿದ್ದರೂ ಕಡತ ಸಿಗದಿರುವ ಸಂದರ್ಭಗಳಿವೆ. ಇದಕ್ಕೆ ಮುಖ್ಯ ಕಾರಣ ಅಕ್ಷರ ಸಂಕೇತಗಳಲ್ಲಿನ ಭಿನ್ನತೆ. ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಅಪಾರ ಪ್ರಮಾಣದ ಕನ್ನಡ ಕಡತಗಳು ಸಿದ್ಧವಾದವು. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಪರದೆಯ ಮೇಲೆ ಕನ್ನಡ ಕಂಡರೂ ಕಡತದಲ್ಲಿ ಉಳಿಯುವುದು ರೋಮನ್ ಸಂಕೇತಗಳ ಸರಮಾಲೆ. ಸೂಚೀಕಾರಕಕ್ಕೆ ಫಾಂಟ್‌ನ ಆಕಾರ ತಿಳಿಯದು, ಅದು ಸಂಕೇತಗಳನ್ನಷ್ಟೇ ಓದುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲಿ ಟೈಪಿಸಿದ ಕನ್ನಡ ಪದಕ್ಕೆ ಹಳೆಯ ಕಡತಗಳು ಹೊಂದುವುದಿಲ್ಲ. ಸೂಚಿಯನ್ನು ಎಷ್ಟು ಬಾರಿ ಮರುನಿರ್ಮಿಸಿದರೂ ಈ ತೊಂದರೆ ಪರಿಹಾರವಾಗದು. ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸುವುದೇ ಶಾಶ್ವತ ಪರಿಹಾರ. ಅದು ಸಾಧ್ಯವಾಗುವವರೆಗೆ ಕಡತದ ಹೆಸರನ್ನಾದರೂ ಯೂನಿಕೋಡ್ ಕನ್ನಡದಲ್ಲಿ ನೀಡಿದರೆ ಹೆಸರಿನಿಂದ ಹುಡುಕಬಹುದು.

ಯೂನಿಕೋಡ್ ಪಠ್ಯದಲ್ಲೂ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ನೋಡಲು ಒಂದೇ ಆಗಿರುವ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಉಳಿಸಲು ಸಾಧ್ಯವಿದೆ. ಉದಾಹರಣೆಗೆ, 'ಕೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ಊಕಾರದ ಕೊಂಬುಗಳ ಎರಡು ಸಂಕೇತಗಳಾಗಿಯೂ ಉಳಿಸಬಹುದು. ಪದಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳೂ ಇರಬಹುದು. ಹುಡುಕುವ ತಂತ್ರಾಂಶವು ಇವನ್ನು ಸಮಾನವೆಂದು ಪರಿಗಣಿಸದಿದ್ದರೆ ಪದ ಹೊಂದುವುದಿಲ್ಲ.

ಎರಡನೆಯದಾಗಿ, ವಿಂಡೋಸ್ ಸರ್ಚ್ ಸಾಮಾನ್ಯವಾಗಿ ಪದದ ಆರಂಭದಿಂದ ಹೋಲಿಸುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಸೇರುವುದರಿಂದ 'ಮನೆ' ಎಂದು ಹುಡುಕಿದಾಗ 'ಮನೆಯಲ್ಲಿ', 'ಮನೆಗೆ' ಎಂಬ ರೂಪಗಳೂ ದೊರೆಯಬಲ್ಲವು. ಆದರೆ ಉಕಾರಾಂತ ಪದಗಳಲ್ಲಿ ಕೊನೆಯ ಸ್ವರ ಬದಲಾಗುತ್ತದೆ. 'ಊರು' ಎಂದು ಹುಡುಕಿದರೆ 'ಊರಿನಲ್ಲಿ' ಸಿಗುವುದಿಲ್ಲ, 'ಊರ' ಎಂದು ಹುಡುಕಿದರೆ ಎರಡೂ ಸಿಗಬಹುದು. ಹಾಗೆಯೇ 'ಪತ್ರ' ಎಂದು ಹುಡುಕಿದಾಗ ಸಮಾಸಪದವಾದ 'ಮನವಿಪತ್ರ' ದೊರೆಯದಿರಬಹುದು, ಏಕೆಂದರೆ ಅಲ್ಲಿ ಆ ಪದವು ಆರಂಭದಲ್ಲಿಲ್ಲ.

== ಗೌಪ್ಯತೆ ==

ಸೂಚಿಯಲ್ಲಿ ಕಡತಗಳ ಹೆಸರು ಮತ್ತು ಪಠ್ಯದ ಅಂಶಗಳು ಉಳಿಯುವುದರಿಂದ ಅದೂ ಸೂಕ್ಷ್ಮ ದತ್ತಾಂಶವೇ ಆಗಿದೆ. ಅಳಿಸಿದ ಕಡತಗಳ ಕುರುಹುಗಳಿಗಾಗಿ ಡಿಜಿಟಲ್ ಅಪರಾಧ ತನಿಖೆಯಲ್ಲಿ ಈ ದತ್ತಸಂಚಯವನ್ನು ಪರಿಶೀಲಿಸುವುದುಂಟು. ಗೂಢಲಿಪೀಕರಿಸಿದ ಕಡತಗಳು ಪೂರ್ವನಿಯೋಜಿತವಾಗಿ ಸೂಚಿಗೆ ಸೇರುವುದಿಲ್ಲ. ಅವುಗಳನ್ನು ಸೇರಿಸುವ ಆಯ್ಕೆಯಿದ್ದರೂ, ಸೂಚಿಯಿರುವ ಡ್ರೈವ್‌ಗೆ ಬಿಟ್‌ಲಾಕರ್‌ನಂತಹ ರಕ್ಷಣೆ ಇದ್ದಾಗ ಮಾತ್ರ ಅದನ್ನು ಬಳಸುವುದು ಸೂಕ್ತ.

== ಇತರ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ==

ಮ್ಯಾಕ್‌ಓಎಸ್‌ನಲ್ಲಿ ಸ್ಪಾಟ್‌ಲೈಟ್ ಇದೇ ಕೆಲಸವನ್ನು ಮಾಡುತ್ತದೆ. ಡ್ರೈವ್ ಅನ್ನು ಸ್ಪಾಟ್‌ಲೈಟ್‌ನ ಗೌಪ್ಯತಾ ಪಟ್ಟಿಗೆ ಸೇರಿಸಿ, ಬಳಿಕ ತೆಗೆದರೆ ಅದರ ಸೂಚಿಯು ಹೊಸದಾಗಿ ರಚನೆಯಾಗುತ್ತದೆ. ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಟ್ರ್ಯಾಕರ್ ಹಾಗೂ ಕೆಡಿಇ ಪರಿಸರದಲ್ಲಿ ಬಲೂ ಎಂಬ ಸೂಚೀಕಾರಕಗಳು ಬಳಕೆಗೆ ಬಂದಿವೆ. ಲಿನಕ್ಸ್‌ನ ''ಲೊಕೇಟ್'' ಆದೇಶವು ಕಡತಗಳ ಹೆಸರುಗಳನ್ನು ಮಾತ್ರ ಸಂಗ್ರಹಿಸಿಟ್ಟ ದತ್ತಸಂಚಯದಲ್ಲಿ ಹುಡುಕುತ್ತದೆ.

== ಇವನ್ನೂ ನೋಡಿ ==

* ಕಡತ ವ್ಯವಸ್ಥೆ
* ಹಾರ್ಡ್ ಡಿಸ್ಕ್
* ಮೈಕ್ರೋಸಾಫ್ಟ್ ವಿಂಡೋಸ್
* ಯೂನಿಕೋಡ್
* ನುಡಿ (ತಂತ್ರಾಂಶ)
* ಬರಹ (ತಂತ್ರಾಂಶ)